ಎಣಿಕೆಗೆ ಮುಂಚಿನ ಬಸ್ಸು

ಮಗಳಿಗೆ ಬೆಂಗಳೂರಿನಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಮರಿತಾಯಮ್ಮ “ಬಸ್ಸಿನ ಆಫೀಸು” ಎನ್ನುತ್ತಿದ್ದಳು. ಗಂಡ ಕೆಂಪಸಿದ್ದಯ್ಯ ಪಕ್ಕದಲ್ಲಿದ್ದರೆ ಅದನ್ನು ಒಪ್ಪುತ್ತಿರಲಿಲ್ಲ. ಮೂವತ್ತೊಂದು ವರ್ಷ ಮಳವಳ್ಳಿ–ಬೆಂಗಳೂರು ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನಿಗೆ ಬಸ್ಸಿನ ಆಫೀಸು ಎಂದರೆ ಡಿಪೋ. ಮಗಳದು ಅದಕ್ಕಿಂತ ದೊಡ್ಡ ಕೆಲಸ. ಮುಂದಿನ ಇಪ್ಪತ್ತು ವರ್ಷ ಬೆಂಗಳೂರಿನ ಜನ ಹೇಗೆ ಓಡಾಡಬೇಕು, ಯಾವ ರಸ್ತೆಗೆ ಎಷ್ಟು ಬಸ್ಸು, ಮೆಟ್ರೋ ಎಲ್ಲಿಯವರೆಗೆ ಹೋಗಬೇಕು ಎಂದು ಯೋಜನೆ ಬರೆಯುವ ತಂಡದಲ್ಲಿ ಶೋಭಿತಾ ಇದ್ದಳು. ಮೈಸೂರಿನಲ್ಲಿ ನಗರ ಯೋಜನೆ ಓದಿದವಳು, ವಯಸ್ಸು ಇಪ್ಪತ್ತೊಂಬತ್ತು. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಹಳೇ ಗೆಳೆಯರ ಮುಂದೆ ವಾರಕ್ಕೊಮ್ಮೆಯಾದರೂ ಈ ಮಾತು ತೆಗೆಯದೆ ಕೆಂಪಸಿದ್ದಯ್ಯನಿಗೆ ಸಮಾಧಾನವಿರುತ್ತಿರಲಿಲ್ಲ.

ಮಳವಳ್ಳಿ ಪೇಟೆಯ ಅಂಚಿನ ಆ ಮನೆಯಲ್ಲಿ ಅವರಿಬ್ಬರ ಜೊತೆ ಮಗ ರಾಜೇಂದ್ರ, ಸೊಸೆ ಗೌತಮಿ ಇದ್ದರು. ರಾಜೇಂದ್ರ ಮಳವಳ್ಳಿಗೂ ಮದ್ದೂರಿಗೂ ನಡುವೆ ಓಡುವ ಖಾಸಗಿ ಬಸ್ಸಿನ ಡ್ರೈವರು. ಗೌತಮಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಶೋಭಿತಾ ಶುಕ್ರವಾರ ಸಂಜೆ ಬಂದರೆ ಸೋಮವಾರ ಬೆಳಿಗ್ಗೆ ಬೆಂಗಳೂರಿಗೆ ಹೊರಡುತ್ತಿದ್ದಳು.

ಮರಿತಾಯಮ್ಮನದು ಬಾಳೆಲೆ ವ್ಯಾಪಾರ. ಹತ್ತೊಂಬತ್ತು ವರ್ಷದಿಂದ ಮಂಗಳವಾರ, ಗುರುವಾರ, ಶನಿವಾರ ಬೆಳಗಿನ ನಾಲ್ಕೂಕಾಲರ ಬಸ್ಸಿಗೆ ಎರಡು ಕಟ್ಟು ಎಲೆ ಹಾಕಿಕೊಂಡು ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗಿ, ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸ್ಸು ಬರುತ್ತಿದ್ದಳು. ಹಿಂದಿನ ದಿನ ತೋಟಗಳಿಂದ ಎಲೆ ಕೊಯ್ದು ತಂದು, ಅಂಗಳದಲ್ಲಿ ಒರೆಸಿ, ಸುತ್ತಿ, ಬಾಳೆಪಟ್ಟೆಯಿಂದ ಬಿಗಿದು, ಒದ್ದೆ ಗೋಣಿ ಹೊದಿಸಿಡಬೇಕು. ಗಂಡ ಅದೇ ಬಸ್ಸಿನ ಕಂಡಕ್ಟರಾಗಿದ್ದಾಗಲೂ ಅವಳ ಎಲೆ ಕಟ್ಟಿಗೆ ಲಗೇಜು ಟಿಕೆಟ್ಟು ಹರಿಯದೆ ಒಂದು ದಿನವೂ ಬಿಟ್ಟವನಲ್ಲ. ಇದನ್ನು ಅವಳು ದೂರಿನಂತೆ ಹೇಳುತ್ತಿದ್ದಳೋ ಹೆಮ್ಮೆಯಿಂದ ಹೇಳುತ್ತಿದ್ದಳೋ ಕೇಳಿದವರಿಗೆ ತಿಳಿಯುತ್ತಿರಲಿಲ್ಲ.

ಜಗಳ ಶುರುವಾದದ್ದು ಜನವರಿಯ ಒಂದು ಭಾನುವಾರ. ಗೌತಮಿ ಹಿತಕಿದ ಬೇಳೆ ಸಾರು ಮಾಡಿದ್ದಳು. ಎಲ್ಲರೂ ಮುದ್ದೆ ಮುರಿಯುತ್ತಿರುವಾಗ ರಾಜೇಂದ್ರ ತಂಗಿಯ ಯೋಜನೆ ಎಲ್ಲಿಗೆ ಬಂತು ಎಂದು ವಿಚಾರಿಸಿದ. ಶೋಭಿತಾ ಖುಷಿಯಲ್ಲಿದ್ದಳು. ಹೊರಗಿನಿಂದ ನಗರಕ್ಕೆ ಬರುವ ಬಸ್ಸುಗಳ ಅಧ್ಯಾಯವನ್ನು ಅವಳೇ ಬರೆದಿದ್ದಳು, ಅದರ ಕರಡು ಮುಗಿಯುತ್ತಾ ಬಂದಿತ್ತು. ನೀರಿನ ಲೋಟವನ್ನು ಮಾರ್ಕೆಟ್ಟು ಮಾಡಿ, ಉಪ್ಪಿನ ಬಟ್ಟಲನ್ನು ನಗರದ ಅಂಚು ಮಾಡಿ ವಿವರಿಸಿದಳು. ಪರ ಊರಿನ ಬಸ್ಸು ಇನ್ನು ಮುಂದೆ ನಗರದ ಒಳಗೆ ಬರುವುದಿಲ್ಲ. ಪ್ರತಿ ಹೆದ್ದಾರಿಯಲ್ಲೂ ಊರ ಅಂಚಿಗೆ ಒಂದು ದೊಡ್ಡ ನಿಲ್ದಾಣ, ಅದರ ಪಕ್ಕದಲ್ಲೇ ಮೆಟ್ರೋ.

“ಅಂದ್ರೆ ನಮ್ ಬಸ್ಸು ಮಾರ್ಕೆಟ್ಟಿಗೆ ಓಗಲ್ವಾ?” ಎಂದು ಕೆಂಪಸಿದ್ದಯ್ಯ ಕೇಳಿದ.

“ಇಲ್ಲ ಅಪ್ಪ. ಕನಕಪುರ ರೋಡಲ್ಲಿ ಆಚೆನೇ ನಿಲ್ತದೆ. ಅಲ್ಲಿಂದ ಮೆಟ್ರೋ ಹತ್ತಿದ್ರೆ ಮಾರ್ಕೆಟ್ಟಿಗೇ ಓಯ್ತದೆ. ಎಲ್ಲಾರ್ಗೂ ಅರ್ಧ ಗಂಟೆ ಉಳಿತದೆ.”

“ನಿಮ್ಮವ್ವ ಎಲೆ ಕಟ್ಟು ಒತ್ಕೊಂಡು ಮೆಟ್ರೋ ಅತ್ತಾಳಾ?”

ಶೋಭಿತಾ ಲೋಟವನ್ನೂ ಉಪ್ಪಿನ ಬಟ್ಟಲನ್ನೂ ನೋಡಿದಳು. ಅವನಿಗೆ ಅಷ್ಟೇ ಸಾಕಾಯಿತು.

“ನೀನು ಯೋಚ್ನೆನೇ ಮಾಡಿಲ್ಲ. ಅವಳು ಎಲೆ ಮಾರಿ ಓದಿಸವ್ಳೆ, ಅವಳ್ನೇ ಯೋಚ್ನೆ ಮಾಡಿಲ್ಲ ನೀನು.”

ಶೋಭಿತಾಳ ಮುಖ ಕೆಂಪಾಯಿತು. ಯೋಜನೆ ಒಬ್ಬರಿಗಾಗಿ ಬರೆಯುವುದಲ್ಲ, ಕೋಟಿಗಟ್ಟಲೆ ಜನರಿಗಾಗಿ ಬರೆಯುವುದು, ಆ ಊರಿನ ರಸ್ತೆಯಲ್ಲಿ ದಿನಾ ಬೆಳಿಗ್ಗೆ ಆಂಬುಲೆನ್ಸ್ ನಿಂತುಬಿಡುತ್ತದೆ, ಅದನ್ನು ಅಪ್ಪ ನೋಡಿಲ್ಲವೇ ಎಂದು ದನಿ ಏರಿಸಿದಳು. ಕೆಂಪಸಿದ್ದಯ್ಯ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದು ಕೈ ತೊಳೆದ. ಮರಿತಾಯಮ್ಮ ಸೊಸೆಗೆ ಆ ತಟ್ಟೆ ಮುಚ್ಚಿಡಲು ಹೇಳಿ, ತನ್ನ ಪಾಡಿಗೆ ತಾನು ಊಟ ಮುಂದುವರಿಸಿದಳು. ಹಸಿವಾದರೆ ಬರುತ್ತಾನೆ ಎಂದುಕೊಂಡಳು. ಸಂಜೆಯವರೆಗೂ ಅವನು ಬರಲಿಲ್ಲ.

ಅಂದಿನಿಂದ ಕೆಂಪಸಿದ್ದಯ್ಯ ಮಗಳ ಜೊತೆ ಮಾತು ಬಿಟ್ಟ. ಅವಳು ಬಂದಾಗ ಬಸ್‌ಸ್ಟ್ಯಾಂಡಿಗೆ ಹೋಗಿ ಬ್ಯಾಗು ಹೊತ್ತು ತರುವುದನ್ನು ಮಾತ್ರ ಬಿಡಲಿಲ್ಲ. ಬ್ಯಾಗು ತರುತ್ತಿದ್ದ, ದಾರಿಯುದ್ದಕ್ಕೂ ಒಂದು ಮಾತೂ ಆಡುತ್ತಿರಲಿಲ್ಲ. ಮನೆಯಲ್ಲಿ ಏನಾದರೂ ಹೇಳಬೇಕಾದರೆ ಗೌತಮಿಗೆ ಹೇಳುತ್ತಿದ್ದ, ಎದುರಿಗೇ ಕುಳಿತ ಶೋಭಿತಾ ಅದಕ್ಕೆ ಉತ್ತರವನ್ನು ಗೌತಮಿಗೇ ಕೊಡುತ್ತಿದ್ದಳು. ನಡುವೆ ಸಿಕ್ಕಿದ ಗೌತಮಿಗೆ ನಗು ತಡೆದುಕೊಳ್ಳುವುದೇ ಕಷ್ಟವಾಗುತ್ತಿತ್ತು.

ಮುಂದಿನ ವಾರ ಶುಕ್ರವಾರ ರಜೆ ಇದ್ದದ್ದರಿಂದ ಶೋಭಿತಾ ಗುರುವಾರವೇ ಬಂದಳು. ಮಾರನೆಯ ಮಧ್ಯಾಹ್ನ ಅಂಗಳದಲ್ಲಿ ಅವ್ವನ ಜೊತೆ ಎಲೆ ಒರೆಸುತ್ತಾ ಕುಳಿತು, ತನ್ನ ಅಧ್ಯಾಯವನ್ನು ಸಮರ್ಥಿಸಿಕೊಂಡಳು. ಪ್ರತಿ ಸೋಮವಾರ ತಾನೂ ಅದೇ ರಸ್ತೆಯ ಬಸ್ಸಿನಲ್ಲಿ ಕುಳಿತಿರುತ್ತೇನೆ, ನಗರದ ಒಳಗಿನ ಕೊನೆಯ ಎಂಟು ಮೈಲಿಗೆ ಒಂದೂವರೆ ಗಂಟೆ ಬೇಕು, ಬಸ್ಸಿನ ಹೊಗೆ ಕುಡಿಯುತ್ತಾ ಶಾಲೆ ಮಕ್ಕಳು ರಸ್ತೆ ದಾಟಲು ನಿಂತಿರುತ್ತವೆ ಎಂದಳು. ಮರಿತಾಯಮ್ಮ ಎಲ್ಲಕ್ಕೂ ಹೂಂಗುಟ್ಟಿದಳು. ಮಗಳು ಹೇಳುವುದರಲ್ಲಿ ಸುಳ್ಳೇನೂ ಇಲ್ಲ ಎಂದು ಅವಳಿಗೂ ಅನ್ನಿಸಿತ್ತು.

ಊಟಕ್ಕೆ ಬಂದಿದ್ದ ರಾಜೇಂದ್ರ ಜಗುಲಿಯ ಮೇಲೆ ಕುಳಿತು ಇದನ್ನೆಲ್ಲ ಕೇಳುತ್ತಿದ್ದ.

“ಇಪ್ಪತ್ತು ವರ್ಸದ್ ಮಾತ್ಗೆ ಈಗ್ಲೇ ಯಾಕ್ ಕಿತ್ತಾಡ್ತೀರಿ?” ಎಂದ. “ಅದೆಲ್ಲಾ ಆಗೋ ಒತ್ಗೆ ಅವ್ವಂಗೆ ಎಪ್ಪತ್ತೆಂಟು. ಅವಾಗ್ಲೂ ಎಲೆ ಒತ್ಕೊಂಡ್ ಓಯ್ತಾಳಾ?”

ಮರಿತಾಯಮ್ಮ ಎಲೆ ಸುತ್ತುತ್ತಲೇ ಇದ್ದಳು. “ನಾನ್ ಓಗ್ದಿದ್ರೆ ಇನ್ನೊಬ್ಳು ಓಯ್ತಾಳೆ ಕಣಪ್ಪ,” ಎಂದಳು. “ಎಲೇಲಿ ಉಣ್ಣೋರು ಇರ್ತಾರಲ್ಲ.”

ಶೋಭಿತಾ ಮುಂದಿನ ಎಲೆ ಎತ್ತಿಕೊಂಡು ಒರೆಸತೊಡಗಿದಳು. ಅವಳ ಕೈಯಲ್ಲಿ ಎರಡು ಎಲೆ ಹರಿದವು. ಮರಿತಾಯಮ್ಮ ಅವನ್ನು ಪಕ್ಕಕ್ಕಿಟ್ಟು, ಸಂಜೆ ಎಲ್ಲರಿಗೂ ಅದರಲ್ಲೇ ಉಪ್ಪಿಟ್ಟು ಬಡಿಸಿದಳು.

ಮುಂದಿನ ಮಂಗಳವಾರ ಮರಿತಾಯಮ್ಮ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದಳು. ಮಗಳು ಬರೆದದ್ದು ನಡೆಯುತ್ತದೆಯೇ ಇಲ್ಲವೇ ತಾನೇ ನೋಡಿಬಿಡಬೇಕು, ನಡೆದರೆ ಗಂಡನ ಬಾಯಿ ಮುಚ್ಚಿಸಬಹುದು ಎಂಬುದು ಅವಳ ಲೆಕ್ಕ. ಜೊತೆಯಲ್ಲಿ ಸೊಪ್ಪು ಮಾರಲು ಬರುವ ಮಾಯಮ್ಮನನ್ನೂ ಒಪ್ಪಿಸಿ, ನಗರದ ಅಂಚಿನಲ್ಲಿ ಮೆಟ್ರೋ ನಿಲ್ದಾಣದ ಮುಂದೆ ಬಸ್ಸಿನಿಂದ ಇಳಿದಳು. ಬೆಳಗಿನ ಆರೂವರೆ. ಕಟ್ಟು ತಲೆ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿದರೆ, ಬ್ಯಾಗು ತಪಾಸಣೆ ಮಾಡುವ ಯಂತ್ರದ ಬಾಯಿಗೆ ಎಲೆ ಕಟ್ಟು ಹಿಡಿಸಲಿಲ್ಲ. ಅಲ್ಲಿ ಕಾವಲಿಗಿದ್ದ ಹುಡುಗಿ ಒಳ್ಳೆಯವಳು. ದೊಡ್ಡ ಹೊರೆ ಬಿಡುವ ಹಾಗಿಲ್ಲ, ಬಿಚ್ಚಿ ಸಣ್ಣ ಸಣ್ಣದು ಮಾಡಿ ತಂದರೆ ಕೇಳಿ ನೋಡುತ್ತೇನೆ ಎಂದಳು. ಬಿಚ್ಚಿದ ಎಲೆ ಮಾರ್ಕೆಟ್ಟು ತಲುಪುವಷ್ಟರಲ್ಲಿ ಮುದುಡಿ ಹರಿದಿರುತ್ತದೆ ಎಂದು ಆ ಹುಡುಗಿಗೆ ಹೇಗೆ ಗೊತ್ತಿರಬೇಕು. ಇಬ್ಬರೂ ಮೆಟ್ಟಿಲಿಳಿದು ಬಂದು ಮುಂದಿನ ಬಸ್ಸಿಗೆ ಕಾದರು. ಅದು ತುಂಬಿ ಬಂತು, ಹೊರೆ ಹತ್ತಿಸಲಿಲ್ಲ. ಅದರ ಮುಂದಿನದರಲ್ಲಿ ಹೋಗುವಾಗ ಎಂಟೂವರೆ ದಾಟಿತ್ತು. ಯಾವಾಗಲೂ ಅವಳ ಎಲೆ ಕೊಳ್ಳುವ ಮೆಸ್ಸಿನ ನಾಗಯ್ಯ ಬೇರೆ ಕಡೆ ಕೊಂಡು ಹೋಗಿಯಾಗಿತ್ತು. ಒಂದು ಕಟ್ಟು ಸಿಕ್ಕ ಬೆಲೆಗೆ ಕೊಟ್ಟು, ಇನ್ನೊಂದನ್ನು ಅಲ್ಲೇ ದನಗಳಿಗೆ ಹಾಕಿ ಬಂದಳು.

ಮನೆಯಲ್ಲಿ ಅವಳು ವ್ಯಾಪಾರ ಮಂದ ಎಂದಷ್ಟೇ ಹೇಳಿದಳು. ಮಾರನೆಯ ದಿನ ನಲ್ಲಿಯ ಹತ್ತಿರ ಮಾಯಮ್ಮ ನಡೆದದ್ದನ್ನೆಲ್ಲ ಗೌತಮಿಗೆ ಹೇಳಿದಳು. ಗೌತಮಿ ಬಿಂದಿಗೆ ಇಳಿಸಿದವಳೇ ಶೋಭಿತಾಳಿಗೆ ಫೋನು ಮಾಡಿದಳು.

“ಅತ್ತೆ ನಿನ್ನ ಪರವಾಗೇ ಓಗಿದ್ರು ಕಣೆ. ಮಾವನ ಮುಂದೆ ಗೆಲ್ಲಿಸ್ಬೇಕು ಅಂತ.”

ಶೋಭಿತಾ ಆಫೀಸಿನ ಮೆಟ್ಟಿಲ ಮೇಲೆ ನಿಂತು ಈ ಮಾತು ಕೇಳಿದಳು. ಒಳಗೆ ಹೋಗಿ ತನ್ನ ಅಧ್ಯಾಯ ತೆರೆದಳು. ಯೋಜನೆ ನಿಂತಿದ್ದದ್ದು ಒಂದು ಎಣಿಕೆಯ ಮೇಲೆ. ನಗರದ ಅಂಚಿನ ರಸ್ತೆಗಳಲ್ಲಿ ಬಸ್ಸು ನಿಲ್ಲಿಸಿ, ಯಾರು ಎಲ್ಲಿಂದ ಬಂದರು, ಎಲ್ಲಿಗೆ ಹೋಗುತ್ತಾರೆ, ಮೆಟ್ರೋ ಹತ್ತಲು ಒಪ್ಪುತ್ತಾರೆಯೇ ಎಂದು ಕೇಳಿ ಬರೆದದ್ದು. ನೂರರಲ್ಲಿ ಎಂಬತ್ತು ಮಂದಿ ಒಪ್ಪಿದ್ದರು. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಎಣಿಕೆಯ ಸಮಯವಿತ್ತು: ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು. ಆ ಸಾಲು ಅವಳೇ ಟೈಪು ಮಾಡಿದ್ದು.

ಸಂಜೆ ಗೌತಮಿಗೆ ಫೋನು ಮಾಡಿ, ನಾಲ್ಕೂಕಾಲರ ಬಸ್ಸು ನಗರದ ಅಂಚು ದಾಟುವುದು ಎಷ್ಟು ಗಂಟೆಗೆ ಎಂದು ಅಪ್ಪನನ್ನು ಕೇಳಲು ಹೇಳಿದಳು. ಕೆಂಪಸಿದ್ದಯ್ಯ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದ. ಅಲ್ಲಿಂದಲೇ ಫೋನಿಗೆ ಕೇಳುವಷ್ಟು ಜೋರಾಗಿ, “ಆರೂವರೆ” ಎಂದ. ಅದರಲ್ಲಿ ಎಷ್ಟು ಜನ ಹೊರೆ ಇಟ್ಟುಕೊಂಡು ಬರುತ್ತಾರೆ ಎಂದು ಅವಳು ಗೌತಮಿಯಿಂದ ಕೇಳಿಸಿದಳು. ಅವನು ಅದಕ್ಕೆ ಉತ್ತರ ಕೊಡಲಿಲ್ಲ. ಕಂಡಕ್ಟರಾದವನು ಅಂದಾಜಿನ ಮೇಲೆ ಹೇಳಬಾರದು. ನಿವೃತ್ತನಾಗಿ ಆರು ವರ್ಷವಾಗಿತ್ತು. ಈಗ ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ, ಬಸ್ಸಿನಲ್ಲಿ ಯಾರು ಯಾರು ಬರುತ್ತಾರೋ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ.

ಮಾರನೆಯ ದಿನ ಮರಿತಾಯಮ್ಮ ತಲೆಗೆ ಬಟ್ಟೆಯ ಸಿಂಬೆ ಸುತ್ತಿಕೊಂಡು ಹೊರಟಾಗ ಕೆಂಪಸಿದ್ದಯ್ಯ ಶರ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಜೇಬಿನಲ್ಲಿ ಒಂದು ನೋಟ್‌ಬುಕ್ಕು. ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಅವನು ಒಂದು ಕಟ್ಟನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು, ನಾಲ್ಕು ಹೆಜ್ಜೆ ನಡೆದು ನಿಂತ.

“ಇಷ್ಟು ಭಾರನಾ ಇದು?”

“ಒದ್ದೆ ಗೋಣಿ ಅಲ್ವಾ,” ಎಂದಳು ಮರಿತಾಯಮ್ಮ. “ಟಿಕೆಟ್ ಅರಿಯೋವಾಗ ತೂಕ ನೋಡಿರ್ಲಿಲ್ವಾ ನೀವು?”

ಮೂರು ವಾರ, ಭಾನುವಾರ ಒಂದು ಬಿಟ್ಟು ದಿನಾ ಅವನು ಆ ಬಸ್ಸಿನಲ್ಲಿ ಹೋದ. ಮೊದಮೊದಲು ಹೊಸ ಹುಡುಗ ಕಂಡಕ್ಟರು ಅವನನ್ನು ಚೆಕಿಂಗಿಗೆ ಬಂದವನೆಂದೇ ತಿಳಿದು ಗಾಬರಿಯಾಗಿದ್ದ. ಕೆಂಪಸಿದ್ದಯ್ಯ ಹಲಗೂರು, ಸಾತನೂರು, ಕನಕಪುರ ಎಂದು ಸ್ಟೇಜಿಗೊಂದು ಪುಟ ಮಾಡಿಕೊಂಡ. ಹತ್ತಿದವರು, ಹೊರೆ ಏನು, ಇಳಿಯುವುದು ಎಲ್ಲಿ. ಹಲಗೂರಿನಲ್ಲಿ ಸೊಪ್ಪಿನವರು, ಮೂವರು ಹೂವಿನವರು. ಸಾತನೂರಿನಲ್ಲಿ ಬಣ್ಣ ಬಳಿಯುವವರು, ಅವರ ಜೊತೆ ಏಣಿ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವ ಒಬ್ಬ ಮೇಷ್ಟ್ರು, ಅವರ ಕೈಹಿಡಿದುಕೊಂಡ ಹೆಂಡತಿ. ಅವರಿಗೆ ಗಾಡಿ ಬದಲಾಯಿಸುವುದೆಂದರೆ ದಿಗಿಲು.

ಮಾರ್ಕೆಟ್ಟಿನ ದಿನ ಹೆಂಡತಿಯ ಕಟ್ಟು ಇಳಿಸಿಕೊಟ್ಟು, ಅವಳು ವ್ಯಾಪಾರ ಮಾಡುವುದನ್ನು ದೂರದಲ್ಲಿ ನಿಂತು ನೋಡುತ್ತಿದ್ದ. ಮೂವತ್ತೊಂದು ವರ್ಷ ಅವನು ಆ ಊರಿಗೆ ಬಂದದ್ದು ಬಸ್ಸಿನ ಬಾಗಿಲವರೆಗೆ. ಮಾರ್ಕೆಟ್ಟಿನ ಒಳಗೆ ಅವಳನ್ನು ಎಲ್ಲರೂ ‘ಮಳವಳ್ಳಿ ಅಮ್ಮ’ ಎಂದು ಕರೆಯುತ್ತಾರೆಂಬುದು ಅವನಿಗೆ ಗೊತ್ತಿರಲಿಲ್ಲ. ವ್ಯಾಪಾರ ಮುಗಿದ ಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಇಡ್ಲಿ ತಿಂದು ಕಾಫಿ ಕುಡಿದು ಬರುವುದು ರೂಢಿಯಾಯಿತು. ಮರಿತಾಯಮ್ಮನಿಗೆ ಈ ಎಣಿಕೆ ಬೇಗ ಮುಗಿಯದಿದ್ದರೂ ಪರವಾಗಿಲ್ಲ ಎನ್ನಿಸತೊಡಗಿತು.

ಒಂದು ವಿಷಯ ಮಾತ್ರ ಅವನಿಗೆ ಒಗ್ಗಲಿಲ್ಲ. ದಿನಾ ಹದಿನೆಂಟು, ಇಪ್ಪತ್ತು ಜನ ತಾವಾಗಿಯೇ ಅಂಚಿನಲ್ಲಿ ಇಳಿದು ಮೆಟ್ರೋ ಹತ್ತುತ್ತಿದ್ದರು. ಬಟ್ಟೆ ಅಂಗಡಿಯ ಹುಡುಗಿಯರು, ನರ್ಸುಗಳು, ಕೈಯಲ್ಲಿ ಊಟದ ಡಬ್ಬಿ ಮಾತ್ರ ಇದ್ದವರು. ಒಳಗೆ ಹೋಗುವ ಬಸ್ಸು ಅವರಿಗೆ ಬೇಕಿರಲಿಲ್ಲ. ಮೂರನೆಯ ವಾರ ಲೆಕ್ಕ ಕೂಡಿಸುವಾಗ ಅವನು ಆ ಕಾಲಮ್ಮಿನ ಮೇಲೆ ಪೆನ್ನು ಹಿಡಿದು ಸುಮ್ಮನೆ ಕುಳಿತದ್ದನ್ನು ಗೌತಮಿ ಮಿಷನ್ನಿನ ಮುಂದಿನಿಂದ ನೋಡಿದಳು.

“ಅದನ್ನ ಬುಟ್ಬುಡಿ ಮಾವ, ಯಾರ್ ಕೇಳ್ತಾರೆ,” ಎಂದು ನಗುತ್ತಾ ಹೇಳಿದಳು.

“ಕೂತಿರೋನ ಇಲ್ಲ ಅಂತ ಬರೆಯಕ್ಕಾಯ್ತದಾ,” ಎಂದು ಅವನು ಬರೆದ. ದಿನಕ್ಕೆ ಸರಾಸರಿ ಅರವತ್ತೊಂದು ಜನ. ಹೊರೆ ಸಮೇತ ಮಾರ್ಕೆಟ್ಟಿಗೆ ಇಪ್ಪತ್ಮೂರು. ಅಂಚಿನಲ್ಲೇ ಇಳಿದವರು ಹತ್ತೊಂಬತ್ತು. ಉಳಿದವರು ಆಸ್ಪತ್ರೆ, ಕೂಲಿ, ಇತರೆ. ನೋಟ್‌ಬುಕ್ಕನ್ನು ಗೌತಮಿಯ ಕೈಗೆ ಕೊಟ್ಟು, ‘ಅವಳಿಗೆ’ ಎಂದ.

ಶೋಭಿತಾಳ ಮೇಲಧಿಕಾರಿ ರಘುನಂದನ್ ಅದನ್ನು ಪುಟ ಪುಟವಾಗಿ ನೋಡಿದ. ಬಹಳ ಚೆನ್ನಾಗಿದೆ, ಆದರೆ ಒಬ್ಬರ ನೋಟ್‌ಬುಕ್ಕು ಸರ್ವೆ ಆಗುವುದಿಲ್ಲ ಎಂದ. ಸಮಿತಿಯ ಮುಂದೆ ಕರಡು ಇಡಲು ಹನ್ನೆರಡು ದಿನ ಉಳಿದಿತ್ತು. ಹಾಗಾದರೆ ಬೆಳಿಗ್ಗೆ ಐದರಿಂದ ಎಂಟರವರೆಗೆ ನಾವೇ ಎಣಿಸೋಣ ಎಂದು ಶೋಭಿತಾ ಪಟ್ಟು ಹಿಡಿದಳು. ತನ್ನ ಅಧ್ಯಾಯ ತಾನೇ ತಪ್ಪೆಂದು ಹೇಳಿದವಳನ್ನು ಮುಂದಿನ ಕೆಲಸಕ್ಕೆ ಕರೆಯುತ್ತಾರೋ ಇಲ್ಲವೋ ಯೋಚಿಸು ಎಂದು ಅವನು ಎಚ್ಚರಿಸಿದ, ಸ್ನೇಹದಿಂದಲೇ. ಯೋಚಿಸಿದ್ದೇನೆ ಎಂದಳು. ಅವನು ಎರಡು ದಿನ, ಐದು ರಸ್ತೆ, ಹತ್ತು ವಿದ್ಯಾರ್ಥಿಗಳು ಎಂದು ಒಪ್ಪಿದ. ಅವಳೂ ಕತ್ತಲಲ್ಲೇ ಎದ್ದು ಕನಕಪುರ ರಸ್ತೆಯಲ್ಲಿ ನಿಂತಳು. ನಾಲ್ಕೂಕಾಲರ ಬಸ್ಸು ಬಂದಾಗ ಒಳಗೆ ಹತ್ತಿ, ಹಿಂದಿನ ಸೀಟಿನಲ್ಲಿ ಎಲೆ ಕಟ್ಟಿಗೆ ಕಾಲು ಆನಿಸಿಕೊಂಡು ನಿದ್ದೆ ಹೋಗಿದ್ದ ತನ್ನ ಅವ್ವನನ್ನು ಎಬ್ಬಿಸದೆ, ಹಾಳೆಯಲ್ಲಿ ಬರೆದುಕೊಂಡು ಇಳಿದಳು.

ಹೊರಗಿನಿಂದ ದಿನಕ್ಕೆ ಬರುವ ಪ್ರಯಾಣಿಕರಲ್ಲಿ ಆರರಲ್ಲಿ ಒಂದು ಪಾಲು ಎಂಟು ಗಂಟೆಗೆ ಮುಂಚೆಯೇ ನಗರದೊಳಗೆ ಇರುತ್ತಿದ್ದರು ಎಂದು ಹೊಸ ಎಣಿಕೆ ಹೇಳಿತು.

ಸಮಿತಿಯ ಸಭೆಯಲ್ಲಿ, ಎಲ್ಲ ಮುಗಿದ ಅಧ್ಯಾಯವನ್ನು ಕೊನೆ ಗಳಿಗೆಯಲ್ಲಿ ಏಕೆ ಬದಲಾಯಿಸಿದ್ದೀರಿ ಎಂದು ಹಿರಿಯ ಅಧಿಕಾರಿಯೊಬ್ಬರು ಸಿಡುಕಿನಿಂದ ಕೇಳಿದರು.

“ಮೊದಲಿನದನ್ನ ಬರೆದವಳೂ ನಾನೇ ಸಾರ್,” ಎಂದು ಶೋಭಿತಾ ಎದ್ದು ನಿಂತಳು. “ನಾವು ಎಂಟು ಗಂಟೆಗೆ ಎಣಿಸೋಕೆ ನಿಂತ್ವಿ. ಅಷ್ಟು ಹೊತ್ತಿಗೆ ಅವರು ದಾಟಿ ಹೋಗಿ ಕೆಲಸ ಶುರು ಮಾಡಿದ್ರು.”

ಅವ್ವನ ಹೆಸರು ಎತ್ತಬಾರದೆಂದು ಅವಳು ಮೊದಲೇ ನಿರ್ಧರಿಸಿದ್ದಳು, ಎತ್ತಲಿಲ್ಲ. ವಾದ ಒಂದು ಗಂಟೆ ನಡೆಯಿತು. ಅಂಚಿನಲ್ಲಿ ತಾವಾಗಿ ಇಳಿಯುವವರ ಲೆಕ್ಕವನ್ನೂ ಮುಚ್ಚಿಡದೆ ಮುಂದಿಟ್ಟದ್ದರಿಂದ ಅವಳ ಮಾತಿಗೆ ಬೆಲೆ ಬಂತು. ಕೊನೆಗೆ ಅಂಚಿನ ನಿಲ್ದಾಣಗಳು ಯೋಜನೆಯಲ್ಲಿ ಉಳಿದವು. ಬೆಳಿಗ್ಗೆ ಏಳೂವರೆಯೊಳಗೆ ನಗರ ಮುಟ್ಟುವ ಬಸ್ಸುಗಳು ಮಾತ್ರ ಮಾರ್ಕೆಟ್ಟಿನವರೆಗೆ ಹೋಗಬಹುದು, ಮುಂದೆ ಬರುವ ಮೆಟ್ರೋ ಮಾರ್ಗಗಳಲ್ಲಿ ಹೊರೆಗೆ ಜಾಗ ಬಿಡುವುದನ್ನು ಪರಿಶೀಲಿಸಬೇಕು ಎಂದು ಎರಡು ಸಾಲು ಸೇರಿತು.

ಆ ವಾರ ಶೋಭಿತಾ ಬಂದಾಗ ಶನಿವಾರ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕುಳಿತಿದ್ದರು. ಹುರುಳಿಕಾಳಿನ ಉಪ್ಸಾರು, ಮುದ್ದೆ. ಅವಳು ಸಭೆಯಲ್ಲಿ ಆದದ್ದನ್ನು ಎಲ್ಲರಿಗೂ ಸೇರಿಸಿ ಹೇಳಿದಳು. ಬರುವಾಗಿನ ಬಸ್ಸು ಮಾತ್ರ ಅಂಚಿನಿಂದಲೇ ಹಿಡಿಯಬೇಕು ಎಂದಾಗ, ಬರುವಾಗ ಕೈ ಖಾಲಿ, ತಣ್ಣಗೆ ಕುಳಿತು ಬರುತ್ತೇನೆ ಬಿಡು ಎಂದು ಮರಿತಾಯಮ್ಮ ಹೇಳಿದಳು. ರಾಜೇಂದ್ರ ಹಾಗಾದರೆ ಗೆದ್ದವರು ಯಾರು ಎಂದು ಕೇಳಿ, ಗೌತಮಿಯಿಂದ ಬೈಸಿಕೊಂಡ.

ಕೆಂಪಸಿದ್ದಯ್ಯ ತಲೆ ಎತ್ತದೆ ಉಣ್ಣುತ್ತಿದ್ದ. ಒಂದು ತುತ್ತು ಖಾರಕ್ಕೆ ಅದ್ದಿ, ಹಾಗೇ ಹಿಡಿದುಕೊಂಡು ಮಗಳ ಕಡೆ ತಿರುಗಿದ.

“ಮದ್ದೂರ್ ರೋಡಲ್ಲಿ ಒತ್ತಾರೆ ಯಾರ್ ಎಣಿಸಿದ್ದು?”

ಏಳೆಂಟು ವಾರಗಳ ಮೇಲೆ ಅವನು ಅವಳಿಗೇ ಹೇಳಿದ ಮೊದಲ ಮಾತು ಅದು.

“ಕಾಲೇಜ್ ಹುಡುಗ್ರು ಅಪ್ಪ. ಎರಡು ದಿನ.”

“ಎರಡು ದಿನ,” ಎಂದ ಕೆಂಪಸಿದ್ದಯ್ಯ. “ಮದುವೆ ದಿನ ಇದ್ರೆ ಒಂದು ಲೆಕ್ಕ, ಇಲ್ದಿದ್ರೆ ಒಂದು ಲೆಕ್ಕ. ಅಮಾಸೆಗೆ ಬೇರೆ. ಬೆಲ್ಲದೋರು ಬುಧವಾರ ಅಲ್ದೆ ಬರೋದೇ ಇಲ್ಲ.” ತುತ್ತು ನುಂಗಿ ನೀರು ಕುಡಿದ. ಮದ್ದೂರು ರೂಟಿನಲ್ಲಿ ಕಂಡಕ್ಟರಾಗಿದ್ದ ಹಳೇ ಗೆಳೆಯ ಲಿಂಗಯ್ಯನಿಗೆ ನಿನ್ನೆಯೇ ಫೋನು ಮಾಡಿದ್ದೇನೆ, ಸೋಮವಾರದಿಂದ ಇಬ್ಬರೂ ಹೋಗುತ್ತೇವೆ ಎಂದು ತಿಳಿಸಿದ.

“ಕರಡು ಕೊಟ್ಟಾಯ್ತಲ್ಲಪ್ಪ,” ಎಂದಳು ಶೋಭಿತಾ.

“ಇಪ್ಪತ್ತು ವರ್ಸಕ್ಕೆ ಬರಿತೀನಿ ಅಂತೀಯ. ಎರಡು ದಿನ ನೋಡಿ ಬರೆದ್ಬುಡ್ತೀಯಾ ಮಗ?”

ಶೋಭಿತಾ ತಟ್ಟೆ ಎತ್ತಿಕೊಂಡು ಬಂದು ಅವನ ಪಕ್ಕದಲ್ಲಿ ಕುಳಿತಳು. ಬೆಲ್ಲದವರು ಯಾವ ಊರಿನಲ್ಲಿ ಹತ್ತುತ್ತಾರೆ ಎಂದು ಕೇಳಿದಳು. ಅವನು ಹೇಳತೊಡಗಿದ.